ಅಮಾವಾಸ್ಯೆಯ ಇನ್ನೂರ ಹದಿನಾಲ್ಕು

ನಾನು ಒಂದು ಎಣಿಕೆ ಯಂತ್ರ. ಯಂತ್ರ ಎಂದ ಕೂಡಲೇ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಮುಷ್ಟಿಯೊಳಗೆ ಅಡಗುವಷ್ಟು ನನ್ನ ಗಾತ್ರ. ಎದೆಯ ಮೇಲೆ ನಾಲ್ಕು ಅಂಕಿಗಳ ಕಿಟಕಿ, ನೆತ್ತಿಯ ಮೇಲೆ ಗುಂಡಿ, ಪಕ್ಕದಲ್ಲಿ ಸೊನ್ನೆಗೆ ತಿರುಗಿಸುವ ತಿರುಪು, ಬೆರಳಿಗೆ ಸಿಕ್ಕಿಸಿಕೊಳ್ಳಲು ಒಂದು ಉಂಗುರ. ಗುಂಡಿ ಒತ್ತಿದರೆ ಟಿಕ್ ಎನ್ನುತ್ತೇನೆ, ಅಂಕಿ ಒಂದು ಏರುತ್ತದೆ. ನನಗೆ ಬರುವ ವಿದ್ಯೆ ಇಷ್ಟೇ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ತಗಡಿನ ಶೆಡ್ಡಿನಲ್ಲಿ. ನನ್ನೊಳಗೆ ಸ್ಪ್ರಿಂಗ್ ಕೂರಿಸಿದ ಹೆಂಗಸು ನೂರು ಸಲ ಒತ್ತಿ ನೋಡಿದಳು. ಕಿಟಕಿಯಲ್ಲಿ 0100 ಬಂತು. “ಇದು ಸುಳ್ಳ ಹೇಳೂದಿಲ್ಲ” ಎಂದು ಡಬ್ಬಿಗೆ ಹಾಕಿದಳು. ಆ ಮಾತನ್ನು ನಾನು ಬಹಳ ದಿನ ನಂಬಿಕೊಂಡಿದ್ದೆ.

ನನ್ನ ಮೊದಲ ಒಡೆಯ ಹಜರೇಸಾಬ್. ವಾಹನ ಸಮೀಕ್ಷೆಯ ಗುತ್ತಿಗೆದಾರರೊಬ್ಬರ ಬಳಿ ದಿನಗೂಲಿ ಮೇಲೆ ಎಣಿಸುವ ಕೆಲಸ ಅವನದು. ಎಣಿಸುವಾಗ ಚಹಾ ಕುಡಿಯುತ್ತಿರಲಿಲ್ಲ. ಕಪ್ಪಿನ ಕಡೆ ಕಣ್ಣು ಹೋದರೆ ಒಬ್ಬ ದಾಟಿಬಿಡುತ್ತಾನೆ ಎನ್ನುತ್ತಿದ್ದ. ಅಷ್ಟು ನಿಯತ್ತಿನ ಹೆಬ್ಬೆರಳಿನ ಕೆಳಗೆ ನನ್ನ ಮೊದಲ ಆರು ವರ್ಷ ಕಳೆದವು. ಅದು ನನ್ನ ಭಾಗ್ಯವೇ.

ಒಂದು ಸೋಮವಾರ ಅವನನ್ನು ನಗರದ ಪಶ್ಚಿಮ ಅಂಚಿನ ಕಟ್ಟಿಗೆ ಅಡ್ಡೆ ಸರ್ಕಲ್ಲಿಗೆ ಕಳಿಸಿದರು. ನಗರದ ಸುತ್ತಲಿನ ರಸ್ತೆಗಳನ್ನೂ ಸರ್ಕಲ್‌ಗಳನ್ನೂ ಬದಲಿಸುವ ಯೋಜನೆ ತಯಾರಾಗುತ್ತಿತ್ತು. ಮೋಟಾರು, ಬಸ್ಸು, ಬೈಕುಗಳನ್ನು ಎಣಿಸಲು ಬೇರೆಯವರಿದ್ದರು. ರಸ್ತೆಯ ನಡುವಿನ ಡಿವೈಡರಿನಲ್ಲಿ ಬಿಟ್ಟಿದ್ದ ಸಂದಿಯಲ್ಲಿ ನಡೆದು ದಾಟುವವರ ಲೆಕ್ಕ ಮಾತ್ರ ನಮ್ಮದು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ದಾಟಿದವರು ಇನ್ನೂರ ಹದಿನಾಲ್ಕು ಜನ. ಒಬ್ಬರೂ ತಪ್ಪಿಲ್ಲ.

ಸರ್ಕಲ್ಲಿನ ಮೂಲೆಯಲ್ಲೇ ನೇಕಾರರ ಓಣಿಯ ಮೊದಲ ಮನೆ. ಮಗ್ಗದ ದಾನವ್ವ ಅಂದು ಬಿಡುವಾಗಿ ಕಟ್ಟೆಯ ಮೇಲೆ ಕೂತಿದ್ದಳು. ಹಜರೇಸಾಬನಿಗೆ ನೆರಳಲ್ಲಿ ಜಾಗ ಕೊಟ್ಟಳು. ಸಂಜೆ ಜೀಪು ಬಂದು ಹಾರ್ನ್ ಹೊಡೆದಾಗ ಅವನು ಲೆಕ್ಕವನ್ನು ಹಾಳೆಗೆ ಬರೆದುಕೊಂಡು ಓಡಿದ. ನಾನು ಕಟ್ಟೆಯ ಮೇಲೆಯೇ ಉಳಿದೆ. ಜೀಪಿನಲ್ಲೆಲ್ಲೋ ಬಿದ್ದುಹೋಯಿತು ಎಂದುಕೊಂಡನೋ ಏನೋ, ಹುಡುಕಿಕೊಂಡು ಬರಲಿಲ್ಲ.

ದಾನವ್ವ ನನ್ನನ್ನು ಮಗ್ಗದ ಮೇಲಿನ ಗೂಡಿನಲ್ಲಿಟ್ಟಳು. ಎದುರು ಮನೆಯ ಆಟೋ ಗೂಳಪ್ಪ ಕೈಗೆತ್ತಿಕೊಂಡು ತಿರುಪಿಗೆ ಬೆರಳು ಹಾಕಿದ.

“ಲೇ ಗೂಳ್ಯಾ, ಇಡು ಅದನ್ನ. ಅದರಾಗ ಯಾರದೋ ಎಣಿಕಿ ಐತಿ.”

“ಯಾರದಿದ್ರ ನಿನಗೇನಬೇ?”

“ನಾ ಎಳಿ ಎಣಸೂವಾಗ ನೀ ಬಂದು ಅಳಸಿದ್ರ ಸುಮ್ನಿರ್ತೇನೇನು?”

ಆ ಓಣಿಯ ಶಿಸ್ತು ನನಗೆ ಆಗ ತಿಳಿಯಿತು. ಒಬ್ಬರು ಎಳೆ ಎಣಿಸುತ್ತಿದ್ದರೆ ಅಲ್ಲಿ ಯಾರೂ ಮಾತನಾಡಿಸುವುದಿಲ್ಲ; ಇನ್ನೊಬ್ಬರ ಎಣಿಕೆಯನ್ನು ಯಾರೂ ಕೆಡಿಸುವುದಿಲ್ಲ. ನಾಲ್ಕು ತಿಂಗಳು ನಾನು ಗೂಡಿನಲ್ಲಿ 0214 ಹೊತ್ತು ಕೂತೆ. ಕೆಳಗೆ ಮಗ್ಗ ಬಡಿಯುತ್ತಿತ್ತು. ದಾನವ್ವನ ಎಡಗಾಲು ಹುಟ್ಟಿನಿಂದಲೇ ಸೊಟ್ಟ. ಆದರೂ ದಿನಕ್ಕೆ ಎರಡು ಸಲ ನೂಲಿನ ಗಂಟು ಹೊತ್ತು, ರಸ್ತೆ ದಾಟಿ, ಆಚೆ ನೂಲು ಅದ್ದುವ ಬಣ್ಣದ ಮನೆಗೆ ಹೋಗಿ ಬರುತ್ತಿದ್ದಳು.

ಐದನೆಯ ತಿಂಗಳು ಪ್ರಕಟಣೆ ಬಂತು. ಗೂಳಪ್ಪ ಕಟ್ಟೆಯ ಮೇಲೆ ನಿಂತು ಓದಿದ. ಕಟ್ಟಿಗೆ ಅಡ್ಡೆ ಸರ್ಕಲ್ಲಿನ ಸಂದಿ ಮುಚ್ಚಿ ರಸ್ತೆಯ ನಡುವೆ ಆಳೆತ್ತರದ ಕಬ್ಬಿಣದ ಬೇಲಿ ಹಾಕುತ್ತಾರೆ; ದಾಟಬೇಕಾದವರು ಏಳುನೂರು ಮೀಟರ್ ಮುಂದಿನ ತಿರುವಿಗೆ ಹೋಗಬೇಕು; ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು.

ಏಳುನೂರು ಹೋಗಿ, ಆಚೆ ಬದಿಯಲ್ಲಿ ಏಳುನೂರು ಹಿಂದೆ ಬರಬೇಕು. ವಾಪಸು ಬರುವಾಗ ಮತ್ತೆ ಅಷ್ಟೇ. ದಿನಕ್ಕೆ ಎರಡು ಸಲವೆಂದರೆ ಐದೂವರೆ ಕಿಲೋಮೀಟರಿಗೂ ಮೇಲೆ. ದಾನವ್ವ ತನ್ನ ಕಾಲನ್ನು ಒಮ್ಮೆ ನೋಡಿಕೊಂಡಳು.

“ನನಗ ಆಗೂದಿಲ್ಲಪ್ಪ. ಮಗ್ಗ ಮಾರಬೇಕಾಗ್ತೈತಿ” ಎಂದಳು. ದನಿ ಏರಿಸಲಿಲ್ಲ.

ಗೂಳಪ್ಪ ಮುಂದೆ ಓದಿದ: “ಸಮೀಕ್ಷೆಯ ಪ್ರಕಾರ ಈ ಜಾಗದಲ್ಲಿ ದಿನಕ್ಕೆ ಇನ್ನೂರ ಹದಿನಾಲ್ಕು ಜನ ಮಾತ್ರ ದಾಟುತ್ತಾರೆ.”

ದಾನವ್ವ ಎದ್ದು ಒಳಗೆ ಬಂದು ನನ್ನನ್ನು ತೆಗೆದಳು. ಕಿಟಕಿಯಲ್ಲಿ ಅದೇ ಅಂಕಿ.

“ಗೂಳ್ಯಾ, ಆ ಸಾಬ್ರು ಎಣಸಿದ ದಿನ ನಾ ಕಟ್ಟಿ ಮ್ಯಾಲ ಕುಂತಿದ್ದೆ. ಯಾಕ ಕುಂತಿದ್ದೆ?”

“ಕೆಲಸಾ ಇರಲಿಲ್ಲ, ಕುಂತಿದ್ದಿ.”

“ಯಾಕ ಇರಲಿಲ್ಲ?”

ಗೂಳಪ್ಪ ಪ್ರಕಟಣೆಯನ್ನು ಮಡಚಿದ. ಆಮೇಲೆ ಮೆಲ್ಲಗೆ ಹೇಳಿದ: “ಅಮಾಸಿ.”

ಅಮಾವಾಸ್ಯೆಯಂದು ಆ ಓಣಿಯಲ್ಲಿ ಒಂದು ಮಗ್ಗವೂ ಓಡುವುದಿಲ್ಲ, ಬಣ್ಣದ ಮನೆ ಬಾಗಿಲು ತೆರೆಯುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ ಎಲ್ಲರೂ ಮನೆಯಲ್ಲಿರುತ್ತಾರೆ. ನಾನು ಸುಳ್ಳು ಹೇಳಿರಲಿಲ್ಲ. ಆದರೆ ನನ್ನ ಸತ್ಯ ತಿಂಗಳಲ್ಲಿ ಒಂದೇ ದಿನದ್ದಾಗಿತ್ತು. ಅದನ್ನು ಹಿಡಿದುಕೊಂಡು, ನನಗೆ ಜಾಗ ಕೊಟ್ಟವಳ ದಾರಿಯನ್ನೇ ಮುಚ್ಚಲು ಹೊರಟಿದ್ದರು.

ಮರುದಿನ ಬುಧವಾರ, ಕೆಲಸದ ದಿನ. ಗೂಳಪ್ಪ ಆಟೋ ನಿಲ್ಲಿಸಿ ಎಣಿಸಲು ಕೂತ. ದಾನವ್ವ ಆಗಲೂ ನನ್ನನ್ನು ಸೊನ್ನೆಗೆ ತರಲು ಬಿಡಲಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಳೆಯ ಹಾಸು ಮುಗಿಯುವಾಗ ಅದರ ಎಳೆಗಳ ತುದಿಗೇ ಹೊಸ ಹಾಸಿನ ಎಳೆ ಸೇರಿಸುತ್ತಾರೆ. ಹಳೆಯದನ್ನು ಕಿತ್ತು ಹಾಕುವುದಿಲ್ಲ. “ಹಂಗ ಹಚ್ಚು. ಕಡೀಗೆ ಆ ಇನ್ನೂರ ಹದಿನಾಕು ಕಳದ್ರಾತು” ಎಂದಳು.

“ನಾಯಿ ದಾಟಿದ್ರ ಒತ್ತಲೇನಬೇ?”

“ಎರಡು ಕಾಲಿಂದು ದಾಟಿದ್ರ ಒತ್ತು.”

“ಹಂಗಾದ್ರ ಕೋಳಿ?”

“ನಿನ್ನ ಎಣಸಿದ ಮ್ಯಾಲ ಕೋಳೀನ್ನೂ ಎಣಸು.”

ನಗುತ್ತಿದ್ದರೂ ಅವನ ಹೆಬ್ಬೆರಳು ತಪ್ಪಲಿಲ್ಲ. ಗಂಟೆಗೊಮ್ಮೆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದ. ಮಧ್ಯಾಹ್ನ ಅವನು ಉಣ್ಣಲು ಹೋದಾಗ ದಾನವ್ವ ಕೂತು ಒತ್ತಿದಳು. ಸಂಜೆ ಏಳಕ್ಕೆ ನನ್ನ ಕಿಟಕಿಯಲ್ಲಿ 2141 ಇತ್ತು.

ಹೊಸ ಲೆಕ್ಕ ಬರೆದು ಆಕ್ಷೇಪಣೆ ಕೊಟ್ಟರು; ಅದರ ವಿಚಾರಣೆಗೆ ಓಣಿಯಿಂದ ನಲವತ್ತು ಜನ ಹೋದರು. ಮೇಜಿನ ಆಚೆ ಎಂಜಿನಿಯರ್. ಅವರ ಹಿಂದಿನ ಸಾಲಿನಲ್ಲಿ, ಸಮೀಕ್ಷೆಯ ಹಾಳೆಗಳ ಕಟ್ಟು ಹಿಡಿದ ಹಜರೇಸಾಬ್. ಪಕ್ಕದಲ್ಲಿ ಅವನ ಗುತ್ತಿಗೆದಾರ. ನಿಮ್ಮ ಅಂಕಿಯನ್ನು ಹೇಗೆ ನಂಬುವುದು ಎಂದು ಎಂಜಿನಿಯರ್ ಕೇಳಿದಾಗ ದಾನವ್ವ ನನ್ನನ್ನು ಮೇಜಿನ ಮೇಲಿಟ್ಟಳು.

“ಇದರಾಗ ಎರಡು ಸಾವಿರದ ನೂರಾ ನಲವತ್ತೊಂದು ಐತ್ರಿ ಸರ್. ಇನ್ನೂರ ಹದಿನಾಕು ಆ ಸಾಬ್ರದು, ಅಮಾಸಿದು. ಉಳಿದ ಸಾವಿರದ ಒಂಬೈನೂರ ಇಪ್ಪತ್ತೇಳು ಬುಧವಾರದ್ದು.”

ಎಂಜಿನಿಯರ್ ಹಿಂದೆ ತಿರುಗಿದರು. “ಇದು ನಿಮ್ಮದಾ?”

ಹಜರೇಸಾಬ್ ನನ್ನನ್ನು ನೋಡಿದ. ಗುತ್ತಿಗೆದಾರ ಕೆಮ್ಮಿದ. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ನಂದರೀ ಸರ್. ಎಣಿಕಿ ಖರೇ ಐತ್ರಿ, ಎಣಸಿದ ದಿನ ತಪ್ಪೈತ್ರಿ. ಅವತ್ತು ಇಲ್ಲಿ ಮಗ್ಗ ಬಂದ್ ಇರ್ತಾವು ಅಂತ ನಾ ಕೇಳಲಿಲ್ಲ. ಕೇಳಬೇಕಿತ್ತು.”

ಆ ಹೆಬ್ಬೆರಳಿನ ಕೆಳಗೆ ಬೆಳೆದದ್ದಕ್ಕೆ ನಾನು ಅಂದು ಹೆಮ್ಮೆಪಟ್ಟೆ.

ಎಂಜಿನಿಯರ್ ಮೂರು ದಿನ ತಮ್ಮ ಜನರಿಂದಲೇ ಮತ್ತೆ ಎಣಿಸಿದರು. ಬಂದ ಸರಾಸರಿ ಸಾವಿರದ ಎಂಟುನೂರ ಎಪ್ಪತ್ತೊಂದು. ಬೇಲಿ ಬಂತು, ವಾಹನಗಳಿಗೆ ಸಂದಿ ಮುಚ್ಚಿತು. ಆದರೆ ನಡೆಯುವವರಿಗೆ ಮೂರು ಮೀಟರ್ ದಾರಿ ಉಳಿಯಿತು, ಒಂದು ಸಿಗ್ನಲ್ ದೀಪವೂ ಬಂತು. ಹಸಿರು ದೀಪ ಎಷ್ಟು ಸೆಕೆಂಡು ಇರಬೇಕೆಂದು ತಿಳಿಯಲು ಎಂಜಿನಿಯರ್ ಗಡಿಯಾರ ಹಿಡಿದು ದಾನವ್ವನ ಹಿಂದೆಯೇ ರಸ್ತೆ ದಾಟಿದರು. ಗಂಟು ಹೊತ್ತು ಅವಳಿಗೆ ಮೂವತ್ತೆರಡು ಸೆಕೆಂಡು ಬೇಕಾಯಿತು. ದೀಪ ಮೂವತ್ತೈದು ಸೆಕೆಂಡು ಉರಿಯುತ್ತದೆ.

ಗೂಳಪ್ಪನ ಆಟೋ ಮಾತ್ರ ಈಗ ಏಳುನೂರು ಮೀಟರ್ ಮುಂದೆ ಹೋಗಿ ಸುತ್ತಿ ಬರಬೇಕು. “ಎಣಸಿದಂವಾ ನಾನು, ಸುತ್ತಾಂವನೂ ನಾನು” ಎಂದು ದಿನಾ ಗೊಣಗುತ್ತಾನೆ.

ಗುತ್ತಿಗೆದಾರ ಎರಡು ತಿಂಗಳು ಹಜರೇಸಾಬನನ್ನು ಕೆಲಸಕ್ಕೆ ಕರೆಯಲಿಲ್ಲ. ಆಮೇಲೆ ಕರೆದ. ಅವರ ಹಾಳೆಯ ಮೇಲ್ಭಾಗದಲ್ಲಿ ಈಗ ‘ಈ ದಿನ ಸ್ಥಳೀಯ ರಜೆ ಇದೆಯೇ?’ ಎಂಬ ಹೊಸ ಸಾಲು ಇದೆಯಂತೆ. ಇದನ್ನು ಹೇಳಲು ಅವನೇ ಓಣಿಗೆ ಬಂದಿದ್ದ. ದಾನವ್ವ ನನ್ನನ್ನು ಅವನ ಮುಂದೆ ಹಿಡಿದಳು.

“ತಗೋರಿ ಸಾಬ್ರ. ನಿಮ್ಮ ಎಣಿಕಿ ಅಳಿಸಿಲ್ಲ.”

“ಈಗ ಅಳಸ್ರಿ ಅಕ್ಕಾರ. ಇದು ನಿಮ್ಮಲ್ಲೇ ಇರಲಿ.”

ಅವಳು ತಿರುಪು ತಿರುಗಿಸಿದಳು. ನಾಲ್ಕೂ ಅಂಕಿಗಳು ಉರುಳಿ ಸೊನ್ನೆಯಲ್ಲಿ ನಿಂತವು. ಅಷ್ಟು ಹಗುರ ನಾನು ಹುಟ್ಟಿದ ದಿನವೂ ಇರಲಿಲ್ಲ.

ಆಮೇಲೆ ಕೆಲವು ವರ್ಷ ಅವಳ ಹಾಸಿನ ಎಳೆಗಳನ್ನು ಎಣಿಸಿದೆ. ಈಗ ನನ್ನ ಸ್ಪ್ರಿಂಗ್ ಸಡಿಲಾಗಿದೆ. ಒಂದು ಒತ್ತಿದರೆ ಒಮ್ಮೊಮ್ಮೆ ಎರಡು ಏರುತ್ತೇನೆ. ಅದಕ್ಕೇ ಯಾರೂ ಒತ್ತುವುದಿಲ್ಲ. ಅದು ನ್ಯಾಯವೇ. ತಪ್ಪು ಲೆಕ್ಕ ಕೊಡುವುದಕ್ಕಿಂತ ಗೂಡಿನಲ್ಲಿ ಕೂರುವುದು ಲೇಸು. ಇಲ್ಲಿಂದ ಬಾಗಿಲು ಕಾಣುತ್ತದೆ, ಬಾಗಿಲಾಚೆ ದೀಪ ಕಾಣುತ್ತದೆ. ಹಸಿರು ಬಂದಾಗ ದಾನವ್ವ ಗಂಟು ಹೊತ್ತು ಇಳಿಯುತ್ತಾಳೆ. ಅವಳು ಆಚೆ ಮುಟ್ಟಿದ ಮೇಲೂ ದೀಪಕ್ಕೆ ಮೂರು ಸೆಕೆಂಡು ಉಳಿದಿರುತ್ತದೆ.

ತಿಂಗಳಿಗೊಮ್ಮೆ ಮಗ್ಗ ಸುಮ್ಮನಾಗುತ್ತದೆ. ಅಂದು ದಾನವ್ವ ಮಗ್ಗ ಒರೆಸಿ, ಲಾಳಿಗೆ ಕುಂಕುಮ ಹಚ್ಚಿ, ಕೊನೆಗೆ ನನ್ನನ್ನು ಗೂಡಿನಿಂದ ಇಳಿಸಿ ನನ್ನ ನೆತ್ತಿಗೂ ಒಂದು ಬೊಟ್ಟಿಡುತ್ತಾಳೆ. ನಾನು ದಾರಿ ತಪ್ಪಿಸಿದ್ದೂ ಅಮಾವಾಸ್ಯೆಯಂದೇ, ನನಗೆ ಪೂಜೆ ಸಲ್ಲುವುದೂ ಅಮಾವಾಸ್ಯೆಯಂದೇ.