ವಸ್ತಾದರ ಎಡಗಡೆ

ಏಟು ತಿನ್ನುವವನು ಎಂಥ ಗುರುವಯ್ಯಾ! ದೊಡ್ಡಪಾಲಯ್ಯನ ತಕರಾರು ಇದೊಂದೇ. ಭಾನುವಾರ ಮಧ್ಯಾಹ್ನವಾದರೆ ಸಾಕು, ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ಮುರುಗೇಂದ್ರಪ್ಪನವರ ಹಜಾರಕ್ಕೆ ಬಂದು ಕೂರುತ್ತಿದ್ದ. ಊರಲ್ಲಿ ಮೊದಲು ಮಾಳಿಗೆ ಮೇಲೆ ಡಿಶ್ ಹಾಕಿಸಿದವರು ಅವರು. ಅದರಲ್ಲಿ ಬರುವ ಇಂಗ್ಲಿಷ್ ಚಾನೆಲ್ಲೊಂದು ವಾರಕ್ಕೊಂದು ದೇಶದ ಹೊಡೆದಾಟದ ವಿದ್ಯೆ ತೋರಿಸುತ್ತಿತ್ತು. ಒಂದು ವಾರ ಜಪಾನಿನ ಕತ್ತಿ, ಇನ್ನೊಂದು ವಾರ ಥಾಯ್ಲೆಂಡಿನವರ ಮೊಣಕೈ ಏಟು, ಮತ್ತೊಂದು ವಾರ ಬ್ರೆಜಿಲ್‌ನವರು ನೆಲಕ್ಕೆ ಕೈ ಊರಿ ತಿರುಗಿ ಒದೆಯುವ ಕುಣಿತ. ಮುರುಗೇಂದ್ರಪ್ಪನವರ ಮಗ ಓಂಕಾರಮೂರ್ತಿ ಅದನ್ನೆಲ್ಲ ಕನ್ನಡ ಮಾಡಿ ಹೇಳುವನು. ದೊಡ್ಡಪಾಲಯ್ಯ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಎಲೆಅಡಿಕೆ ಜಗಿಯುತ್ತಾ ಜಗತ್ತಿನ ಗುರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಹೀಯಾಳಿಸುವನು.

"ನೋಡ್ರಿ ಸಾವ್ಕಾರ್ರೆ, ಆ ಮುದುಕ್ನ ಪಕ್ಕೆಗೆ ಶಿಷ್ಯ ಒದ್ದ. ಇವ್ನು ಗುರುವಂತೆ, ಥೂ! ನನ್ನ ಮೈಮ್ಯಾಲೆ ನಲವತ್ತು ವರ್ಷದಿಂದ ಒಬ್ಬನ ದೊಣ್ಣೆ ತಾಗಿಲ್ಲ."

ಸುಳ್ಳಲ್ಲ, ತಾಗಿರಲಿಲ್ಲ. ಬೆಟ್ಟದ ಬುಡದ ಗರಡಿಯಲ್ಲಿ ದೊಣ್ಣೆವರಸೆ ಕಲಿಸುವ ವಸ್ತಾದ್ ಅವನು. ಗರಡಿಯ ಗುರುವನ್ನು ಆ ಕಡೆ ವಸ್ತಾದ್ ಅಂತಲೇ ಕರೆಯುವುದು. ವಿದ್ಯೆ ಇತ್ತು, ವಿದ್ಯೆಗಿಂತ ಕೊಬ್ಬು ಜಾಸ್ತಿ ಇತ್ತು. ತಪ್ಪು ಹೆಜ್ಜೆ ಇಟ್ಟ ಹುಡುಗರ ಮೀನಖಂಡಕ್ಕೆ ಬಾಸುಂಡೆ ಬರುವ ಹಾಗೆ ಬಾರಿಸುವನು. ಅವನೇ ಮಾಡಿದ ಕಾನೂನೊಂದಿತ್ತು: ಆಟದಲ್ಲಿ ಯಾರ ಕೈಯಿಂದ ದೊಣ್ಣೆ ಬೀಳುತ್ತದೋ ಅವನು ಗೆದ್ದವನ ಪಾದಕ್ಕೆ ಹಣೆ ಹಚ್ಚಬೇಕು. ಸುಮ್ಮನೆ ಬಗ್ಗಿದರೆ ನಡೆಯದು, ಹಣೆ ತಾಗಲೇಬೇಕು. ಆ ಗರಡಿಯಲ್ಲಿ ಬೆಳೆದ ಗಂಡಸರೆಲ್ಲ ದೊಡ್ಡಪಾಲಯ್ಯನ ಪಾದಕ್ಕೆ ಹಣೆ ಹಚ್ಚಿದವರೇ.

ಮುರುಗೇಂದ್ರಪ್ಪನವರಿಗೆ ಇದೊಂದು ಮೋಜು. ಆ ಕಾರ್ಯಕ್ರಮದವರೇ ಕೇರಳಕ್ಕೆ ಬಂದಿದ್ದಾರೆ, ಮಗನ ಗೆಳೆಯನೊಬ್ಬ ಅವರ ಜೊತೆ ಓಡಾಡುತ್ತಿದ್ದಾನೆ ಅಂತ ಗೊತ್ತಾದದ್ದೇ ತಡ, ಫೋನು ಮಾಡಿಸಿಯೇಬಿಟ್ಟರು. ವಾರ ಕಳೆಯುವುದರೊಳಗೆ ಗರಡಿಯ ಮುಂದೆ ವ್ಯಾನು ಬಂದು ನಿಂತಿತು. ಬಿಸಿಲಿಗೆ ಮುಖವೆಲ್ಲ ಕೆಂಪಾದ ಬಿಳಿಯನೊಬ್ಬ ಇಳಿದ. ಅವನೇ ಡೈರೆಕ್ಟರು. ಊರಿಗೆ ಊರೇ ನೆರೆಯಿತು.

ದೊಡ್ಡಪಾಲಯ್ಯ ಮೀಸೆಗೆ ಎಣ್ಣೆ ಹಚ್ಚಿ, ರುಮಾಲು ಸುತ್ತಿ, ಕ್ಯಾಮೆರಾ ಮುಂದೆ ಎದೆ ಸೆಟೆಸಿ ಕೂತ. ಓಂಕಾರಮೂರ್ತಿ ಕೇಳಿದ್ದಕ್ಕೆಲ್ಲ ಒಂದಕ್ಕೆರಡು ಹೇಳಿದ. ತನ್ನ ಕಾನೂನನ್ನೂ ಹೇಳಿದ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತೋ! ಪಕ್ಕದಲ್ಲಿ ದೊಣ್ಣೆ ಒರೆಸುತ್ತಾ ನಿಂತಿದ್ದ ಶಿಷ್ಯ ತಿಪ್ಪೇರುದ್ರನ ಕಡೆ ಕೈ ತೋರಿಸಿದ.

"ಇವ್ನ ಅಪ್ಪ ಗಾದ್ರಪ್ಪ. ಮದುವೆಯಾದ ಮಾರನೇ ದಿನ ಗರಡಿಗೆ ಬಂದ. ಹೊಸ ಹೆಂಡ್ತಿ ಬಾಗ್ಲಾಗೆ ನಿಂತು ನೋಡ್ತಿದ್ಲು. ಅವ್ಳ ಎದುರಿಗೇ ದೊಣ್ಣೆ ಬೀಳ್ಸಿ ಹಣೆ ಹಚ್ಚಿಸ್ದೆ. ಒಂದ್ಸಲ ಅಲ್ಲ, ಹಣೆಗೆಲ್ಲ ಕೆಮ್ಮಣ್ಣು ಮೆತ್ಕೊಳ್ಳೋ ತನಕ! ಅವ್ಳು ಅತ್ಕೊಂಡು ಓಡಿದ್ದು ನೋಡ್ಬೇಕಿತ್ತು ನೀವು!"

ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಗೆ ಅತ್ತುಕೊಂಡು ಓಡಿದವಳು ತಿಪ್ಪೇರುದ್ರನ ಅವ್ವ. ಗಾದ್ರಪ್ಪ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ತಿಪ್ಪೇರುದ್ರ ದೊಣ್ಣೆ ಒರೆಸುವುದನ್ನು ನಿಲ್ಲಿಸಿದ್ದು ದೊಡ್ಡಪಾಲಯ್ಯನಿಗೆ ಕಂಡಿತು. ಅವನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಆಟ ಶುರುವಾಯಿತು. ದೊಣ್ಣೆಗೆ ದೊಣ್ಣೆ ಬಡಿಯಿತು, ಧೂಳೆದ್ದಿತು, ಎಂದಿನಂತೆ ತಿಪ್ಪೇರುದ್ರನ ದೊಣ್ಣೆ ಕೈ ಜಾರಿ ಬಿತ್ತು. ಊರವರು ಚಪ್ಪಾಳೆ ಹೊಡೆದರು. ಬಿಳಿಯ ಮಾತ್ರ ತಲೆ ಅಲ್ಲಾಡಿಸಿ ಏನೋ ಅಂದ.

"ಏನಂತಾನೆ ದೊರೆ?" ಎಂದು ಕೇಳಿದ ದೊಡ್ಡಪಾಲಯ್ಯ.

ಓಂಕಾರಮೂರ್ತಿ ಮುಜುಗರಪಟ್ಟುಕೊಂಡ. "ಇದು ನಾಟಕ ಅಂತಾನೆ. ಹುಡುಗ ಬೇಕಂತಲೇ ದೊಣ್ಣೆ ಬಿಟ್ಟನಂತೆ."

ದೊಡ್ಡಪಾಲಯ್ಯನಿಗೆ ಮೈಯೆಲ್ಲ ಉರಿದುಹೋಯಿತು. "ನಾಟ್ಕಾನಾ? ಲೇ ತಿಪ್ಪೇರುದ್ರ, ತಗಳ್ಳೇ ದೊಣ್ಣೆ! ನಿನ್ನ ಕೈಲಾದ್ರೆ ನಿಜವಾಗ್ಲೂ ಹೊಡಿ."

"ಬ್ಯಾಡ ವಸ್ತಾದ್ರೆ."

"ಯಾಕ್ಲೇ, ನಡುಕ ಬಂತಾ? ಗಾದ್ರನ ಮಗ ಗಾದ್ರನಂಗೇ ಆದ. ಹೋಗು, ನಿಮ್ಮವ್ವನ ಸೀರೆ ಉಟ್ಕೊಂಡು ಬಾ!"

ತಿಪ್ಪೇರುದ್ರ ಬಗ್ಗಿ ದೊಣ್ಣೆ ಎತ್ತಿಕೊಂಡ. ಮುಂದಿನದು ದೊಡ್ಡಪಾಲಯ್ಯನಿಗೆ ಅರ್ಥವೇ ಆಗಲಿಲ್ಲ. ಎಡ ಪಕ್ಕೆಗೆ ಬೆಂಕಿ ಬಿದ್ದ ಹಾಗಾಯಿತು, ಉಸಿರು ನಿಂತಿತು. ನೋಡಿದರೆ ತನ್ನ ದೊಣ್ಣೆ ನೆಲದ ಮೇಲಿತ್ತು.

"ಎಲ್ಲಿಂದ ಬಂತ್ಲೇ ಇದು?" ಎಂದು ಏದುಸಿರು ಬಿಟ್ಟ.

"ಎಡಗಡೆಯಿಂದ. ನೀವು ಎಡಗಡೆ ತಡೆಯೋದೇ ಇಲ್ಲ ವಸ್ತಾದ್ರೆ. ಎಲ್ರಿಗೂ ಗೊತ್ತೈತೆ."

"ಯಾವನ್ಲೇ ಹೇಳ್ದೋನು?"

"ನನ್ನನ್ನ ಗರಡಿಗೆ ಬಿಡೋವಾಗ ನಮ್ಮಪ್ಪ ಹೇಳಿದ್ದು ಇದೊಂದೇ ಮಾತು. ವಸ್ತಾದ್ರ ಎಡಗಡೆಗೆ ಮಾತ್ರ ಹೋಗ್ಬ್ಯಾಡ ಮಗಾ, ದೊಡ್ಡೋರು, ಮರ್ಯಾದೆ ಹೋಗ್ತತೆ ಅಂತ."

"ಗಾದ್ರಂಗೆ ಗೊತ್ತಿತ್ತಾ?"

"ಮದುವೆ ಮಾರನೇ ದಿನಾನೂ ಗೊತ್ತಿತ್ತು."

ದೊಡ್ಡಪಾಲಯ್ಯ ಸುತ್ತ ನೋಡಿದ. ಓಬಯ್ಯ ನಿಂತಿದ್ದ, ಪಾತಣ್ಣ ನಿಂತಿದ್ದ, ತಲೆ ನರೆತ ಹಳೇ ಶಿಷ್ಯರೆಲ್ಲ ನಿಂತಿದ್ದರು. ಯಾರಾದರೊಬ್ಬರು ಸುಳ್ಳು ಅನ್ನಲಿ ಎಂದು ಕಾದ. ಒಬ್ಬೊಬ್ಬರೂ ನೆಲ ನೋಡಿದರು. ಇಷ್ಟು ವರ್ಷ ಇವರು ತನಗೆ ಸೋತಿರಲಿಲ್ಲ, ತನ್ನನ್ನು ಸಾಕಿದ್ದರು! ಅವನಿಗೆ ಪಕ್ಕೆಯ ನೋವು ಮರೆತೇ ಹೋಯಿತು.

ಅಷ್ಟರಲ್ಲಿ ಓಂಕಾರಮೂರ್ತಿ ಬಂದ. ಆ ಏಟು ಬಿದ್ದಾಗ ಕ್ಯಾಮೆರಾ ಓಡುತ್ತಿರಲಿಲ್ಲವಂತೆ. ದೊರೆಗೆ ಆ ಏಟು ಬಹಳ ಹಿಡಿಸಿದೆಯಂತೆ. ಇನ್ನೊಂದು ಸಲ ಬೇಕಂತೆ.

"ಬರ್ಲಿ," ಎಂದ ದೊಡ್ಡಪಾಲಯ್ಯ. ಈ ಸಲ ಎಡಗಡೆ ಬಿಗಿಯಾಗಿ ಕಾದುಕೊಂಡ. ತಿಪ್ಪೇರುದ್ರ ಎಡಕ್ಕೆ ಬೀಸುವ ಹಾಗೆ ಮಾಡಿ ಬಲ ಮಣಿಕಟ್ಟಿಗೆ ಹೊಡೆದ. ಎಲುಬು ಮುರಿದ ಸದ್ದು ಹಿಂದೆ ನಿಂತ ಹೆಂಗಸರಿಗೂ ಕೇಳಿಸಿತು. ದೊಣ್ಣೆ ಹಾರಿಹೋಗಿ ಗೋಡೆಗೆ ಬಡಿಯಿತು, ಮುದುಕ ಕುಂಡಿಯೂರಿ ಕುಸಿದ. ಜನರಲ್ಲಿ ಯಾರೋ ಒಬ್ಬ ಕಿಸಕ್ಕೆಂದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ತಡೆಯುವವರೇ ಇಲ್ಲ.

ಬಿಳಿಯ ಹೆಬ್ಬೆರಳು ಎತ್ತಿದ. ಓಂಕಾರಮೂರ್ತಿಯನ್ನು ಕರೆದು ತನ್ನ ಹಣೆ ಮುಟ್ಟಿ, ಪಾದ ತೋರಿಸಿದ. ಬೆಳಿಗ್ಗೆ ಕೇಳಿದ ಕಾನೂನನ್ನು ಪುಣ್ಯಾತ್ಮ ಮರೆತಿರಲಿಲ್ಲ.

"ಕೈ ಮುರಿದೈತೆ ಸ್ವಾಮಿ," ಎಂದು ದೊಡ್ಡಪಾಲಯ್ಯ ಮುರುಗೇಂದ್ರಪ್ಪನವರ ಮುಖ ನೋಡಿದ.

ಕುರ್ಚಿಯಲ್ಲಿ ಕೂತಿದ್ದ ಮುರುಗೇಂದ್ರಪ್ಪನವರು ನಗುತ್ತಲೇ ಅಂದರು: "ಕಾನೂನು ನಿಂದೇ ಅಲ್ವೇನಯ್ಯಾ? ಅಷ್ಟು ದೂರದಿಂದ ಬಂದವ್ರೆ, ಬೇಗ ಮುಗಿಸು."

ದೊಡ್ಡಪಾಲಯ್ಯ ಮೊಣಕಾಲ ಮೇಲೆ ತೆವಳಿದ. ನಾಚಿಕೆಯಿಂದ ಕಣ್ಣು ಕತ್ತಲೆಗಟ್ಟಿತು. ಆದರೂ ಒಂದಾಸೆ ಇತ್ತು. ಹುಡುಗ ಅಯ್ಯೋ ಅಂತ ಹಿಂದಕ್ಕೆ ಸರಿಯುತ್ತಾನೆ, ತೋಳು ಹಿಡಿದು ಎತ್ತುತ್ತಾನೆ, ಚಿಕ್ಕಂದಿನಿಂದ ತನ್ನ ಅಂಗಳದಲ್ಲಿ ಬೆಳೆದವನಲ್ಲವೇ! ತಿಪ್ಪೇರುದ್ರ ಎರಡು ಪಾದವನ್ನೂ ಜೋಡಿಸಿ ಸರಿಯಾಗಿ ನಿಂತುಕೊಂಡ. ಮುದುಕ ಬಗ್ಗಿದ.

"ಹಣೆ ತಾಗ್ಲಿಲ್ಲ ವಸ್ತಾದ್ರೆ," ಎಂದ ಮೇಲಿನಿಂದ.

ಮತ್ತೆ ಬಗ್ಗಿದ. ಹಣೆಗೆ ಮಣ್ಣು ಹತ್ತಿತು. ತಿಪ್ಪೇರುದ್ರ ಅವನನ್ನು ಎಬ್ಬಿಸಲಿಲ್ಲ, ಓಬಯ್ಯನೇ ಬಂದು ಎಬ್ಬಿಸಿದ.

ಯುಗಾದಿ ಕಳೆದ ಮೇಲೆ ಆ ಕಾರ್ಯಕ್ರಮ ಬಂತು. ಮುರುಗೇಂದ್ರಪ್ಪನವರ ಹಜಾರ ತುಂಬಿತ್ತು. ದೊಡ್ಡಪಾಲಯ್ಯ ಎಂದಿನ ಜಾಗದಲ್ಲಿ, ಸೊಟ್ಟಗೆ ಕೂಡಿಕೊಂಡ ಕೈಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ. ತಿಪ್ಪೇರುದ್ರನಿಗೆ ಕುರ್ಚಿ ಕೊಟ್ಟಿದ್ದರು. ದೊಡ್ಡಪಾಲಯ್ಯ ಎದೆ ಸೆಟೆಸಿ ಹೇಳಿದ್ದನ್ನೆಲ್ಲ ಟೀವಿಯವರು ಕತ್ತರಿಸಿ ಹಾಕಿದ್ದರು. ಕಾಲಿಗೆ ಬೀಳುವ ಚಿತ್ರ ಪರದೆಯ ತುಂಬ ನಿಂತಾಗ ಹಿಂದೆ ಇಂಗ್ಲಿಷ್ ದನಿ ಏನೋ ಹೇಳಿತು.

ಓಂಕಾರಮೂರ್ತಿ ಕನ್ನಡ ಮಾಡಿದ: "ಇವರು ಈ ಗರಡಿಯ ಗುರು ತಿಪ್ಪೇರುದ್ರ. ಕಾಲಿಗೆ ಬಿದ್ದಿರೋದು ಇವರ ಶಿಷ್ಯರಲ್ಲೇ ಹಿರಿಯ. ಈ ವಯಸ್ಸಲ್ಲೂ ಕಲಿಯೋ ಆಸೆ ಬಿಟ್ಟಿಲ್ಲ."

ಮುರುಗೇಂದ್ರಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದೊಡ್ಡಪಾಲಯ್ಯ ತಿಪ್ಪೇರುದ್ರನ ಕುರ್ಚಿಯ ಕಡೆ ತಿರುಗಿ ಮೆಲ್ಲಗೆ ಬೇಡಿಕೊಂಡ. "ತಪ್ಪು ಹೇಳ್ತಾವ್ನೆ ಅನ್ಲೇ. ಒಂದ್ಮಾತು ಅನ್ನು."

"ಟೀವಿಯೋರಿಗೆ ನಾವೇನು ಹೇಳಕ್ಕಾಗ್ತತೆ?" ಎಂದ ತಿಪ್ಪೇರುದ್ರ. ಟೀವಿಯಿಂದ ಕಣ್ಣು ಕೀಳಲೇ ಇಲ್ಲ.

ಆ ವಾರವೇ ಚಳ್ಳಕೆರೆಯಿಂದ ಕಾಲೇಜು ಹುಡುಗರಿಬ್ಬರು ಬೈಕಿನಲ್ಲಿ ಬಂದರು. ಗರಡಿಯ ಕಟ್ಟೆ ಮೇಲೆ ದೊಡ್ಡಪಾಲಯ್ಯ ಒಬ್ಬನೇ ಕೂತಿದ್ದ.

"ತಾತ, ವರಸೆ ಕಲೀಬೇಕಿತ್ತು. ವಸ್ತಾದ್ರು ಒಳಗವ್ರಾ?"

"ನಾನೇ ಕಣ್ರಪ್ಪ ವಸ್ತಾದ್."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಸುಮ್ನಿರು ತಾತ, ನಿನ್ನ ಟೀವಿಲಿ ನೋಡಿದೀವಿ. ಕರಿ ಅವ್ರನ್ನ."

ದೊಡ್ಡಪಾಲಯ್ಯ ಎಡಗೈ ಊರಿ ಎದ್ದು, ಬಾಗಿಲವರೆಗೆ ಹೋಗಿ, ಒಳಕ್ಕೆ ಮುಖ ಮಾಡಿ ಕರೆದ.

"ವಸ್ತಾದ್ರೆ."

"ಬಂದೆ," ಎಂದ ತಿಪ್ಪೇರುದ್ರ ಒಳಗಿನಿಂದ.