ಬೆಚ್ಚಿದರೂ ಬಾರದ ಎಚ್ಚರ

ಗಂಡ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿಯ ಅಕ್ಕ ಶುರುಮಾಡಿದ ನಿದ್ದೆಮಾತ್ರೆಯನ್ನು ವರ್ಷಗಟ್ಟಲೆ ಬಿಟ್ಟಿರಲಿಲ್ಲ. ಈಗ ಡಾಕ್ಟರು ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದರು. ಅಷ್ಟರಲ್ಲಿ ಹೊಸ ಕಾಟ ಶುರುವಾಯಿತು. ಇನ್ನೇನು ಜೊಂಪು ಹತ್ತಿತು ಎನ್ನುವಾಗ, ಮೆಟ್ಟಿಲು ತಪ್ಪಿದಂತೆ ಇಡೀ ಮೈ ಎಗರಿಬೀಳುತ್ತಿತ್ತು. ಎದೆ ಡವಡವ ಹೊಡೆದುಕೊಂಡು ನಿದ್ದೆ ಹಾರಿಹೋಗುತ್ತಿತ್ತು. ಹಾಸಿಗೆ ಕಂಡರೇ ಅವಳಿಗೆ ಭಯವಾಗತೊಡಗಿತು. "ಮೊದಲಿನಷ್ಟೇ ಮಾತ್ರೆ ನುಂಗಿಬಿಡ್ತೀನಿ" ಎಂದಾಗ, ಜೊತೆಗಿದ್ದ ತಂಗಿ ಅವಳನ್ನು ಡಾಕ್ಟರ ಬಳಿ ಎಳೆದೊಯ್ದಳು.

ಡಾಕ್ಟರು ಪರೀಕ್ಷಿಸಿ, "ಮಾತ್ರೆ ಇಳಿಸುವಾಗ ಹೀಗಾಗೋದುಂಟು. ನೀವಾಗೇ ಹೆಚ್ಚಿಸಬೇಡಿ, ಒಮ್ಮೆಲೇ ನಿಲ್ಲಿಸಲೂಬೇಡಿ. ಸದ್ಯ ಇಷ್ಟರಲ್ಲೇ ಇರೋಣ, ಆಮೇಲೆ ಇನ್ನೂ ನಿಧಾನವಾಗಿ ಇಳಿಸೋಣ. ಮೈ ಬೆಚ್ಚಿದರೆ ಬೆಚ್ಚಲಿ, ಅದರ ಜೊತೆ ಗುದ್ದಾಡಬೇಡಿ" ಎಂದರು.

ತಂಗಿ ತನ್ನ ಹಾಸಿಗೆಯನ್ನು ಅಕ್ಕನ ಪಕ್ಕಕ್ಕೇ ಎಳೆದುಕೊಂಡಳು. ಅಕ್ಕ ಬೆಚ್ಚಿದಾಗಲೆಲ್ಲ ಬೆನ್ನ ಮೇಲೆ ಕೈಯಿಟ್ಟು, "ಬಂತು, ಹೋಯ್ತು, ಮಲಕ್ಕೋ" ಎನ್ನುತ್ತಿದ್ದಳು. ವಾರಗಳು ಹೀಗೇ ಉರುಳಿದವು.

ಒಂದು ಬೆಳಿಗ್ಗೆ ತಂಗಿ ಕುಂಟುತ್ತಾ ಚಹಾ ತಂದಳು.

"ಕಾಲಿಗೇನಾಯ್ತೇ?"

"ರಾತ್ರಿ ನಿದ್ದೇಲಿ ನೀನೇ ಒದ್ದೆಯಲ್ಲಕ್ಕ. ಎರಡು ಸಲ, ಒಂದೇ ಜಾಗಕ್ಕೆ."

ಅಕ್ಕನಿಗೆ ನೆನಪೇ ಇರಲಿಲ್ಲ. "ಆಮೇಲೆ ನಾನು ಎದ್ದು ಕೂತ್ನಾ?"

"ನೀನೆಲ್ಲಿ ಕೂತೆ? ಗೊರಕೆ ಹೊಡೀತಿದ್ದೆ. ಎದ್ದು ಕೂತೋಳು ನಾನು."

ಅಕ್ಕ ಲೋಟ ಕೆಳಗಿಟ್ಟಳು. ಮೈ ಬೆಚ್ಚಿತ್ತು, ಆದರೂ ನಿದ್ದೆ ಬಿಟ್ಟು ಹೋಗಿರಲಿಲ್ಲ. ಅವಳ ಕಣ್ಣು ತುಂಬಿತು, ಹಿಂದೆಯೇ ನಗುವೂ ಬಂತು.

"ಇವತ್ತು ಮಧ್ಯೆ ಒಂದು ದಿಂಬು ಇಡೋಣ ಬಿಡು."

"ಇಡೋಣ" ಎಂದಳು ತಂಗಿ, ಮೊಣಕಾಲು ಉಜ್ಜಿಕೊಳ್ಳುತ್ತಾ. "ನೀನು ಮಾತ್ರ ಹೀಗೇ ಒದೀತಾ ಮಲಗಿರು."