ವಿಭೂತಿ ಹಚ್ಚಿದ ಮೀನು

ಮೂರನೆಯ ಮೀನು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಯಲಗೂರಪ್ಪ ಗಾಜಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಅದನ್ನು ಮೆಲ್ಲಗೆ ಬಿಡಿಸಿ ತೆಗೆದ. ಅರಿಸಿನ ಬಣ್ಣದ, ಅಂಗೈಯಗಲದ ಮೀನು. ಮೈಮೇಲೆ ಕಾಡಿಗೆಯಂಥ ಎರಡು ಕಪ್ಪು ಪಟ್ಟೆ. ಕಿವಿರು ಇನ್ನೂ ಕೆಂಪಗಿತ್ತು. ಸತ್ತು ತಾಸೂ ಆಗಿರಲಿಕ್ಕಿಲ್ಲ. ಹಿಂದೆ ನಿಂತಿದ್ದ ಸುಶೀಲಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

ಆ ತೊಟ್ಟಿ ಇಚಲಕರಂಜಿಗೆ ಬಂದದ್ದು ಅವರ ಗಂಡ, ಸಾಹುಕಾರ ಬಸಗೊಂಡರ ಹುಚ್ಚಿನಿಂದ. ಮುಂಬಯಿಯಲ್ಲಿ ಸಮುದ್ರದ ಬಣ್ಣದ ಮೀನು ನೋಡಿ ಬಂದವರು, ಮಕ್ಕಳಿಲ್ಲದ ಮನೆಯಲ್ಲಿ ಏನಾದರೂ ಓಡಾಡಿಕೊಂಡಿರಲಿ ಎಂದು ಮೀನು ತರಿಸಿದರು. ಉಪ್ಪುನೀರೂ ರತ್ನಾಗಿರಿಯಿಂದ ಹಾಲಿನ ಕ್ಯಾನುಗಳಲ್ಲಿ ಲಾರಿ ಏರಿ ಬರತೊಡಗಿತು. ಆದರೆ ಲಿಂಗವಂತರ ಮನೆ. ಮೀನನ್ನು ನೋಡುವವರು ಎಲ್ಲರೂ, ಮುಟ್ಟುವವರು ಯಾರು? ಆಗ ಸಾಹುಕಾರರಿಗೆ ತಮ್ಮ ಶೆಡ್ಡಿನಲ್ಲಿ ಕರೆಂಟಿನ ಮಗ್ಗ ನಡೆಸುವ ಯಲಗೂರಪ್ಪನ ನೆನಪಾಯಿತು. ಕೃಷ್ಣೆಯ ದಂಡೆಯವನು, ಮೀನು ತಿಂದೇ ಬೆಳೆದವನು. ಬೆಕ್ಕಿಗೆ ಹಾಲಿನ ಕಾವಲು ಕೊಟ್ಟರಲ್ಲಪ್ಪ ಎಂದು ಶೆಡ್ಡಿನವರು ನಕ್ಕರು. ಎರಡು ವರ್ಷ ಈ ಬೆಕ್ಕು ಹಾಲು ಮುಟ್ಟಿರಲಿಲ್ಲ.

ಈಗ ಆಷಾಢ. ಘಟ್ಟದ ರಸ್ತೆ ಕುಸಿದು ತಿಂಗಳಿಂದ ಸಮುದ್ರದ ನೀರು ಬಂದಿರಲಿಲ್ಲ. ಮೀನಿನ ಮೈಮೇಲೆ ಸಾಬೂದಾಣಿಯಂಥ ಬಿಳಿ ಚುಕ್ಕೆಗಳು ಎದ್ದಿದ್ದವು. ಒಂದೊಂದಾಗಿ ಸಾಯುತ್ತವೆಂದು ಯಲಗೂರಪ್ಪನಿಗೆ ಗೊತ್ತಿತ್ತು.

ಸುಶೀಲಾಬಾಯಿ ಒಳಗಿನಿಂದ ಬಿಳಿ ಅರಿವೆಯ ತುಂಡನ್ನೂ ವಿಭೂತಿಯ ಗಟ್ಟಿಯನ್ನೂ ತಂದರು.

"ತಿಪ್ಪಿಗೆ ಒಗೀಬ್ಯಾಡ, ಯಲಗೂರಪ್ಪಾ. ವಿಭೂತಿ ಹಚ್ಚಿ, ಹೊಳೀ ದಂಡ್ಯಾಗ ಆಳಾಗಿ ತಗ್ಗ ತೋಡಿ ಮಣ್ಣ ಕೊಡು. ನಮ್ಮವರಿಗೆ ಮಾಡಿದಂಗ ಮಾಡು."

ಅವನು ಅವರ ಎದುರಿನಲ್ಲೇ ಮೂರಕ್ಕೂ ವಿಭೂತಿ ಹಚ್ಚಿದ. ಒದ್ದೆ ಮೈಗೆ ಅದು ಅಂಟಿಕೊಂಡಿತು. ಅರಿವೆಯಲ್ಲಿ ಸುತ್ತಿಕೊಂಡು ಪಂಚಗಂಗೆಯ ದಾರಿ ಹಿಡಿದದ್ದೂ ನಿಜ, ಮಣ್ಣು ಕೊಡಬೇಕೆಂದೇ ಹೊರಟದ್ದೂ ನಿಜ. ಆದರೆ ಹೊಳೆಗೆ ಹೋಗುವ ದಾರಿ ಅವನ ಮನೆಯ ಮುಂದೆಯೇ ಹಾಯುತ್ತಿತ್ತು.

ಮನೆಯಲ್ಲಿ ಫಕೀರವ್ವ ಏಳು ತಿಂಗಳ ಬಸುರಿ. ಹಿಂದಿನ ಎರಡು ಉಳಿದಿರಲಿಲ್ಲ. ಈ ಸಲ ರೊಟ್ಟಿ ತಿಂದರೂ ವಾಂತಿ, ಗಂಜಿ ಕುಡಿದರೂ ವಾಂತಿ. ಮೈಯಲ್ಲಿ ಹೊಟ್ಟೆಯೊಂದು ಬಿಟ್ಟರೆ ಉಳಿದದ್ದೆಲ್ಲ ಎಲುಬು. ಬಾಯಿಬಿಟ್ಟು ಕೇಳಿದ್ದು ಒಂದೇ, ಹಸಿ ಮೀನಿನ ಸಾರು. ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆಂದು ಓಣಿಯ ಮುದುಕಿಯರೆಲ್ಲ ಅವನಿಗೆ ಹೇಳಿಯಾಗಿತ್ತು. ಹೊಳೆ ಕೆಂಪಗೆ ಉಕ್ಕಿ ಹರಿಯುವಾಗ ಬಲೆ ಹಾಕುವವರಿಲ್ಲ, ಘಟ್ಟದ ಕೆಳಗಿನಿಂದ ಬುಟ್ಟಿ ಬರುವಂತಿಲ್ಲ. ಎರಡು ವಾರ ಸಂತೆಯಿಂದ ಬರಿಗೈಲಿ ಬಂದಿದ್ದ. ಬಾಗಿಲಲ್ಲಿ ಕೂತ ಅವಳ ಮುಖ ನೋಡಿದ್ದೇ ಯಲಗೂರಪ್ಪನ ಕಾಲು ನಿಂತಿತು.

ಹಿತ್ತಲಲ್ಲಿ ಮೂರೂ ಮೀನನ್ನು ತಿಕ್ಕಿ ತಿಕ್ಕಿ ತೊಳೆದ. ಮೈಮೇಲಿನದು ಹೋಯಿತು, ಕಿವಿರಿನೊಳಗೆ ಹೊಕ್ಕ ವಿಭೂತಿಯನ್ನು ಬೆರಳು ಹಾಕಿ ತೆಗೆಯಬೇಕಾಯಿತು. ಸುತ್ತು ಹಾದಿಯಿಂದ ಬಂದ ಲಾರಿ ಡ್ರೈವರ್ ಕೊಟ್ಟ ಎಂದು ಸುಳ್ಳು ಹೇಳಿದ. ಫಕೀರವ್ವ ಮೀನನ್ನು ತಿರುವಿ ಮುರುವಿ ನೋಡಿ, ಇಷ್ಟು ಚೆಂದ ಇರುವುದನ್ನು ತಿನ್ನುತ್ತಾರೇನ್ರಿ ಎಂದಳು. ಸಮುದ್ರದಾಗ ಎಲ್ಲಾ ಹಿಂಗ ಇರ್ತಾವ ಎಂದು ಹೇಳಿ ಅವನು ಸಾಹುಕಾರರ ಮನೆಗೆ ತಿರುಗಿ ಹೋದ. ಹೆಂಡತಿ ಮಸಾಲೆ ಅರೆಯಲು ಕೂತದ್ದನ್ನು ನೋಡಿ ಎಷ್ಟು ದಿನವಾಗಿತ್ತು! ಸುಶೀಲಾಬಾಯಿಗೆ ಮಾಡಿದ ಮೋಸ ಎದೆಯಲ್ಲಿ ಚುಚ್ಚುತ್ತಿದ್ದರೂ ಹೆಜ್ಜೆ ಹಗುರಾಗಿತ್ತು.

ಮಧ್ಯಾಹ್ನ ಮೀನಿಲ್ಲದ ತೊಟ್ಟಿಯನ್ನು ಖಾಲಿ ಮಾಡುತ್ತಿದ್ದಾಗ ಬಸಗೊಂಡರು ಊಟ ಮುಗಿಸಿ ಬಂದು ಪಕ್ಕದಲ್ಲಿ ನಿಂತರು. ಅವನು ಬಕೆಟ್ಟು ಎತ್ತಿಕೊಂಡು ಗಟಾರದ ಕಡೆ ಹೊರಟಿದ್ದ.

"ಅಲ್ಲಿ ಚೆಲ್ಲಬ್ಯಾಡ, ದನಾ ಕುಡದಾವು," ಎಂದರು. "ಆ ನೀರಾಗ ಮೈಲತುತ್ತ ಐತಿ. ಮುಂಬೈಯಾಂವ ಚುಕ್ಕಿಗೆ ಔಷಧ ಅಂತ ಬರದಿದ್ದ. ನಾನ ಮೂರು ದಿನಾ ಹಾಕೀನಿ."

ಮೈಲತುತ್ತ ಎಂದರೆ ಎಲೆಬಳ್ಳಿಯ ತೋಟಕ್ಕೆ ಹೊಡೆಯುವ ನೀಲಿ ಹರಳು. ಅದನ್ನು ಕುಡಿದು ಸತ್ತವಳೊಬ್ಬಳನ್ನು ಯಲಗೂರಪ್ಪ ಊರಲ್ಲಿ ಕಣ್ಣಾರೆ ಕಂಡಿದ್ದ. ಬಕೆಟ್ಟನ್ನು ಹೇಗೆ ಕೆಳಗಿಟ್ಟನೋ ಅವನಿಗೇ ಗೊತ್ತಾಗಲಿಲ್ಲ.

"ಸಾವಕಾರ್ರ, ಆ ಸತ್ತ ಮೀನ ಯಾವುದಾರ ನಾಯಿ ಅಗದು ತಿಂದ್ರ…"

"ಯಾರಿಗೆ ಗೊತ್ತಪಾ. ಸತ್ತರೂ ಸತ್ತೀತು, ಬದುಕಿದರೂ ಬದುಕೀತು. ಆಳಾಗಿ ಮಣ್ಣ ಕೊಟ್ಟೀಯಿಲ್ಲ?"

ಬಾಗಿಲಲ್ಲಿ ಸುಶೀಲಾಬಾಯಿ ಬಂದು ನಿಂತಿದ್ದರು. ಅತ್ತು ಅತ್ತು ಅವರ ಕಣ್ಣು ಊದಿದ್ದವು. ಬಿಸಿ ತುಪ್ಪ ಬಾಯಿಗಿಟ್ಟುಕೊಂಡವನ ಹಾಗೆ ಯಲಗೂರಪ್ಪ ನಿಂತ. ಆಮೇಲೆ ಕೊಟ್ಟೇನ್ರಿ ಎಂದ.

ಮನೆಯಲ್ಲಿ ಊಟದ ಹೊತ್ತು ಆಗಲೇ ಮೀರಿತ್ತು; ಅಲ್ಲಿಂದ ಅವನು ಓಡಿದ್ದು ದವಾಖಾನೆಗೆ. ಡಾಕ್ಟರು ಕೊಲ್ಹಾಪುರಕ್ಕೆ ಹೋಗಿದ್ದರು, ಸಂಜೆಗೆ ಬರುವವರು. ಕಂಪೌಂಡರನ ಮುಂದೆ ಮಾತ್ರ ಯಲಗೂರಪ್ಪ ಎಲ್ಲವನ್ನೂ ಹೇಳಿಕೊಂಡ. ನೀರಿಗೆ ಎಷ್ಟು ಹಾಕಿದ್ದರು, ಮೀನಿನ ಮೈಗೆ ಎಷ್ಟು ಇಳಿದಿತ್ತು ಎಂದು ಕಂಪೌಂಡರ ಕೇಳಿದ. ಅದು ಇವನಿಗೇನು ಗೊತ್ತು? ಹಾಲು ಕುಡಿಸು, ಹೊಟ್ಟೆ ಕಡಿದರೆ, ವಾಂತಿಯಾದರೆ ಗಾಡಿ ಕಟ್ಟಿಸಿ ಕರೆದುಕೊಂಡು ಬಾ, ಸಂಜೆವರೆಗೆ ಏನೂ ಆಗದಿದ್ದರೆ ಬದುಕಿದಿರಿ ಎಂದು ಹೇಳಿ, ಕೊನೆಗೆ ಮರಾಠಿಯಲ್ಲಿ ಸೇರಿಸಿದ: "ಆತಾ ವಾಟ ಬಘಾಯಚಿ." ಇನ್ನು ದಾರಿ ಕಾಯುವುದಷ್ಟೆ.

ಹಾಲಿನ ತಂಬಿಗೆ ಹಿಡಿದು ಯಲಗೂರಪ್ಪ ಮನೆ ಸೇರಿದಾಗ ಫಕೀರವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹಣೆಯಲ್ಲಿ ಬೆವರಿತ್ತು, ಮುಖದಲ್ಲಿ ಕಳೆ ಇತ್ತು.

"ಎರಡು ತಿಂದೆ ನೋಡ್ರಿ. ತಿಂದದ್ದು ಹೊಟ್ಟ್ಯಾಗ ನಿಂತೈತಿ. ನಿಮಗ ಒಂದು ಇಟ್ಟೇನಿ."

ಅವನು ತಂಬಿಗೆ ಮುಂದೆ ಚಾಚಿದ. ಅವಳು ಹಿಂದಕ್ಕೆ ಸರಿದಳು. ಮೀನು ತಿಂದ ಬಾಯಲ್ಲಿ ಹಾಲು ಕುಡಿದರೆ ತೊನ್ನು ಹತ್ತುತ್ತದೆ, ಇದು ಸಣ್ಣ ಹುಡುಗರಿಗೂ ಗೊತ್ತು. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಹೇಗೆ ಕುಡಿಯಲಿ ಎಂದಳು. ಡಾಕ್ಟರ್ ಹೇಳ್ಯಾನ ಎಂದ. ಯಾವ ಡಾಕ್ಟರು, ಯಾಕೆ ಹೋಗಿದ್ದಿರಿ ಎಂದು ಕೇಳಿದಳು. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳಿಗೆ ಯಾವ ಬಾಯಲ್ಲಿ ಹೇಳುವುದು?

ಯಲಗೂರಪ್ಪ ಕೈಯನ್ನೂ ತೊಳೆಯದೆ ಒಲೆಯ ಮುಂದೆ ಕೂತ. ಗಡಿಗೆಯಲ್ಲಿದ್ದದ್ದು ಅದೇ ಪಟ್ಟೆಯ ಮೀನು. ಸಾರಿನಲ್ಲಿ ಬೆಂದು ಬಣ್ಣವೆಲ್ಲ ಬಿಟ್ಟು ಬೂದಿಯಂತಾಗಿತ್ತು. ಅದನ್ನು ಮುಳ್ಳಷ್ಟೇ ಉಳಿಯುವ ಹಾಗೆ ತಿಂದ. ತಲೆಯನ್ನೂ ಚೀಪಿದ. ಆಮೇಲೆ ತಂಬಿಗೆ ಎತ್ತಿ ಅರ್ಧ ಹಾಲನ್ನು ಗಟಗಟ ಕುಡಿದು, ಉಳಿದದ್ದನ್ನು ಅವಳ ಕೈಗಿಟ್ಟ.

ಫಕೀರವ್ವ ಗಂಡನ ಮುಖವನ್ನೇ ನೋಡಿದಳು. ಅವಳ ಮುಖದ ಕಳೆ ಮೆಲ್ಲಗೆ ಇಳಿಯಿತು. ಔಷಧ ಕುಡಿದಂತೆ ಕಣ್ಣು ಮುಚ್ಚಿ ಕುಡಿದಳು.

"ಎಷ್ಟೊತ್ತು ನೋಡಬೇಕಂತ?" ಎಂದಳು.

"ಸಂಜೀಮಟ."

ಅವಳು ಅವನ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಅಷ್ಟರಲ್ಲಿ ಪಾಳಿ ಬದಲಾಗಿ ಗೋಡೆಯಾಚೆಯ ಶೆಡ್ಡಿನ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ಗೋಡೆ ನಡುಗಿತು, ನೆಲ ನಡುಗಿತು, ತಂಬಿಗೆ ನಡುಗಿತು. ಯಲಗೂರಪ್ಪನ ಅಂಗೈಯ ಕೆಳಗೆ ಏನೋ ಅದುರುತ್ತಿತ್ತು. ಅದು ಕೂಸೋ ಮಗ್ಗವೋ ತಿಳಿಯದೆ ಅವನು ಕೈಯನ್ನು ಇನ್ನಷ್ಟು ಒತ್ತಿ ಹಿಡಿದ.